ಹೆರ್‌ಬ್ಯೋರ್ನನ ದಿಬ್ಬ

ದೀಪಕ್ಕೆ ಇನ್ನಷ್ಟು ಸೀಲ್ ಕೊಬ್ಬು ಹಾಕು, ಊನಿ.
ಈ ಮಾತನ್ನು ಕತ್ತಲಲ್ಲಿ ಹೇಳಿದರೆ
ಕತೆ ಅಂದುಕೊಂಡೀಯೆ.

ಹಾವರ್ ದೊರೆ ಪಟ್ಟಕ್ಕೆ ಬಂದ ಚಳಿಗಾಲ
ನನಗೆ ಇಪ್ಪತ್ತಾರು. ಗಂಟಲು ಚೆನ್ನಾಗಿತ್ತು, ಬೂಟು ತೂತಾಗಿತ್ತು.
ಕರೆಸಿ ಅಂದ: ನನ್ನ ವಂಶ ಹೇಳು.
ಹನ್ನೆರಡು ತಲೆ ಬೇಕು. ನೆರೆಯ ದೊರೆಗೆ ಹನ್ನೊಂದಿದೆ.

ಹೊಳೆಯ ಮೂಲ, ದೊರೆಯ ಮೂಲ ಕೇಳಬಾರದು.
ನಾನು ಕೇಳಲಿಲ್ಲ, ಎಣಿಸಿದೆ.
ಹಾವರನ ಅಪ್ಪ ಹಲ್‌ಸ್ಟೈನ್,
ಎರಡು ದೋಣಿ, ಒಂದು ಕುಂಟು ಕುದುರೆ ತಂದು
ಈ ಕಡಲ ಕವಲಿನಲ್ಲಿ ಇಳಿದವನು. ಸರಿ.
ಅವನಪ್ಪ?
ಆ ದೋಣಿಯಲ್ಲೇ ಬಂದಿದ್ದ ಮುದುಕಿ ಗೀಡಾ
ಮೀನು ಸೀಳುತ್ತ ಅಂದಳು:
"ಉಪ್ಪು ಬೇಯಿಸುತ್ತಿದ್ದ. ಕಣ್ಣು ಸದಾ ಕೆಂಪು.
ಹೆಸರಿತ್ತೋ ಏನೋ. ಎಲ್ಲರೂ 'ಏಯ್' ಅನ್ನುತ್ತಿದ್ದರು."

'ಏಯ್' ಪ್ರಾಸಕ್ಕೆ ಕೂಡದು.
ಹಾವರ್, ಹಲ್‌ಸ್ಟೈನ್ ಆದ ಮೇಲೆ
ಸಾಲು ಮೂರನೆಯ ಹಕಾರಕ್ಕೆ
ಕಡಲಹಕ್ಕಿಯ ಮರಿಯಂತೆ ಬಾಯಿ ತೆರೆದು ಕೂತಿತ್ತು.
ಕೈಗೆ ಸಿಕ್ಕಿದ್ದನ್ನು ಹಾಕಿದೆ: ಹೆರ್‌ಬ್ಯೋರ್ನ್.
ದಂಡಿನ ಕರಡಿ.
ಅವನು ಹುಟ್ಟಿದ್ದು ಹೀಗೆ,
ಹುಳಿ ಬಿಯರಿನ ವಾಸನೆಯಲ್ಲಿ, ನನ್ನ ನಾಲಗೆಯ ಮೇಲೆ,
ಸೂಲಗಿತ್ತಿ ಇಲ್ಲದೆ.

ಮಿಕ್ಕ ಒಂಬತ್ತು ತಲೆ ಮಂಜಿನಿಂದ ತಂದೆ.
ಅಷ್ಟು ಹಿಂದೆ ಯಾರೂ ಹೋಗಿ ನೋಡುವುದಿಲ್ಲ.
ದೊರೆ ತೋಳಿನ ಬೆಳ್ಳಿಬಳೆ ಬಿಚ್ಚಿ ಕೊಟ್ಟ.
ಇದೇ, ನೋಡು. ಅರ್ಧ ಕಡಿದು ಬೂಟು ಕೊಂಡೆ.

ಆಮೇಲೆ ಕೂಸು ಕೈಮೀರಿತು.
ಮರುವರ್ಷ ಕುರಿ ಮಾರಲು ಬಂದವನೊಬ್ಬ
ನನಗೇ ಹೇಳಿದ: ಹೆರ್‌ಬ್ಯೋರ್ನನ ತಾಯಿ ಕರಡಿಯಂತೆ,
ಹಿಮದ ಗವಿಯಲ್ಲಿ ಮೂರು ತಿಂಗಳು ಮೊಲೆಯೂಡಿಸಿದಳಂತೆ.
ಇನ್ನೊಂದು ಚಳಿಗಾಲಕ್ಕೆ ಅವನು
ಕಬ್ಬಿಣವನ್ನು ಕಚ್ಚಿ ತುಂಡರಿಸಿದ.
ಐದನೆಯದಕ್ಕೆ ಸತ್ತ;
ಮೂರು ಊರಿನವರು ಮೂರು ಬಗೆಯಲ್ಲಿ ಕೊಂದರು.
ಸತ್ತವನಿಗೆ ಗೋರಿ ಬೇಡವೆ?
ಬರ್ಚ್ ಮರಗಳಾಚೆ, ಕುರಿಗಳು ಬಿಸಿಲು ಕಾಯುವ
ಹುಲ್ಲುದಿಬ್ಬವನ್ನು ತೋರಿಸಿದರು.
ಬೆಣ್ಣೆ ಸುರಿದರು. ಮಕ್ಕಳಾಗದವರು ಅಲ್ಲಿ ರಾತ್ರಿ ಮಲಗಿ ಬಂದರು.
ಇಬ್ಬರಿಗೆ ಆದವು ಕೂಡ. ಆ ಲೆಕ್ಕ ನನ್ನದಲ್ಲ.

ನಾನೂ ಒಂದು ಸಲ ಹೋದೆ, ಊನಿ.
ಹಲ್ಲುನೋವಿಗೆ.
ನಾಚಿಕೆಯಾಯಿತು. ನೋವೂ ಇಳಿಯಿತು.

ಮೊನ್ನೆ ದೊರೆ ಸಾಯುವಾಗ ನನ್ನ ಕೈ ಹಿಡಿದ:
"ಅಜ್ಜನ ಪಕ್ಕದಲ್ಲಿ ಮಲಗಿಸಿ."
ಆಗಲಾದರೂ ಹೇಳಬೇಕಿತ್ತು. ಕಣ್ಣು ನೋಡಿದೆ.
ಕೆಂಪಗಿತ್ತು, ಮನೆಯೊಳಗಿನ ಹೊಗೆಗೋ,
ತಾನೆಂದೂ ಕಾಣದ ಉಪ್ಪಿನ ಒಲೆಗೋ.
ನನ್ನ ಬಾಯಿ ಕಟ್ಟಿತು.

ಅಗೆಯುವಾಗ ಎಲ್ಲರ ಹಿಂದೆ ನಿಂತಿದ್ದೆ,
ಬರೀ ಮಣ್ಣೇ ಬರುತ್ತದೆ, ನನ್ನ ಕತ್ತು ಹೋಗುತ್ತದೆ ಎಂದು.
ಸೊಂಟದಾಳಕ್ಕೆ ದೋಣಿಯ ಮೊಳೆಗಳು ಬಂದವು, ತುಕ್ಕಿನ ಸಾಲು.
ಮಗ್ಗದ ಕಲ್ಲುಗುಂಡು.
ಎಲುಬಿನ ಬಾಚಣಿಗೆ, ಎರಡು ಹಲ್ಲು ಮುರಿದದ್ದು.
ಆಮೇಲೆ ಅವಳು.
ಸಣ್ಣಾಕೆ. ಮೊಣಕಾಲು ಮಡಚಿ ಮಗ್ಗುಲಾಗಿದ್ದಳು,
ಯಾರೋ ಬರುತ್ತಾರೆಂದು ಜಾಗ ಬಿಟ್ಟವಳಂತೆ.

"ಹೆರ್‌ಬ್ಯೋರ್ನನ ಹೆಂಡತಿ!" ಯಾರೋ ಕೂಗಿದರು.
ಜನ ಮಂಡಿಯೂರಿದರು.
ನಾನೂ ಊರಿದೆ, ಬೇರೆ ಕಾರಣಕ್ಕೆ.

ದೊರೆಯನ್ನು ಅಲ್ಲೇ ಇಟ್ಟೆವು, ಕತ್ತಿ, ನಾಯಿ,
ಒಂದು ಪೀಪಾಯಿ ಬಿಯರಿನ ಜೊತೆ.
ಬಾಚಣಿಗೆಯನ್ನು ನಾನೇ ಅವಳ ಬೆರಳ ಬಳಿ ಸರಿಸಿದೆ.

ನಾಳೆ ಹೊಸ ದೊರೆಯ ಮುಂದೆ
ನೀನು ಹದಿಮೂರು ತಲೆ ಹೇಳಬೇಕು.
ಹೇಳು, ಒಂದೂ ಬಿಡಬೇಡ.
ಹೆರ್‌ಬ್ಯೋರ್ನ್ ಎಂದ ಮೇಲೆ ಮಾತ್ರ ಒಂದು ಉಸಿರು ನಿಲ್ಲು.
ಅವರು ಗತ್ತು ಅಂದುಕೊಳ್ಳಲಿ.
ಅವಳ ಹೆಸರು ಯಾವ ಅಕ್ಷರದಿಂದ ಶುರುವಾಗುತ್ತಿತ್ತೋ
ನನಗೆ ಗೊತ್ತಿಲ್ಲ. ಈ ಸಲ ಕಟ್ಟಲಾರೆ.

ಬೂಟು ಬಾಗಿಲ ಬಳಿ ಇಟ್ಟಿದ್ದೇನೆ.
ನಿನ್ನ ಕಾಲಿಗೆ ದೊಡ್ಡದಾದೀತು,
ಒಣಹುಲ್ಲು ತುರುಕಿಕೋ.